ಹೊಯ್ಸಳ ಸಾಮ್ರಾಜ್ಯದ ಉದಯವೂ ಅಸ್ತಮಾನವೂ

ರೋಮ್ ಸಾಮ್ರಾಜ್ಯದ ಪಾಠವು ಬಂದಾಗಲೆಲ್ಲ ನಮ್ಮ ವಿದ್ಯಾರ್ಥಿನಿಯರು ಟೈಬರ್ ನದಿಯ ದಡದ ಏಳು ಗುಡ್ಡಗಳನ್ನು ತಪ್ಪಿಲ್ಲದೆ ಬಾಯಿಪಾಠ ಒಪ್ಪಿಸುತ್ತಾರೆ. ಅದು ಸಂತೋಷದ ವಿಷಯವೇ. ಆದರೆ ತಮ್ಮ ಮನೆಯಂಗಳದಿಂದ ಕಾಣುವ ಗುಡ್ಡಗಳ ನಡುವಿನಿಂದಲೂ ಒಂದು ಅರಸುಮನೆತನವು ಹೊರಟು, ಮುನ್ನೂರು ವರ್ಷಗಳಷ್ಟು ಕಾಲ ಕನ್ನಡ ನಾಡಿನಲ್ಲಿಯೂ ತಮಿಳು ನಾಡಿನಲ್ಲಿಯೂ ಹೆಸರು ಮಾಡಿತೆಂದು ಹೇಳಿದರೆ, ಅವರು ನಮ್ಮ ಮುಖವನ್ನು ನೋಡಿ ಮುಗುಳ್ನಗುತ್ತಾರೆ. ಒಮ್ಮೆ ಒಬ್ಬ ಹುಡುಗಿಯು ಎದ್ದು ನಿಂತು, “ಅಷ್ಟು ದೊಡ್ಡ ಅರಸರು ಇಲ್ಲಿಯವರೇ ಆಗಿದ್ದರೆ ಇಲ್ಲಿ ಯಾಕೆ ಏನೂ ಉಳಿದಿಲ್ಲ? ಎಲ್ಲವೂ ಬೇಲೂರು ಹಳೇಬೀಡುಗಳಲ್ಲಿಯೇ ಉಂಟಲ್ಲ?” ಎಂದು ಕೇಳಿದಳು. ಪ್ರಶ್ನೆಯು ಚಿಕ್ಕದು, ಉತ್ತರವು ಗಂಟೆ ಹೊಡೆಯುವುದರೊಳಗೆ ಮುಗಿಯುವಂಥದಲ್ಲ. ಆ ದಿನ ಅರ್ಧಕ್ಕೆ ನಿಂತ ಉತ್ತರವನ್ನು ಇಲ್ಲಿ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಇಡುತ್ತಿದ್ದೇವೆ.

ಬಾಳೂರಿನಿಂದ ಸುಂಕಸಾಲೆಯ ಕಡೆಗೆ ಹೋಗುವವರಿಗೆ ಬಲ್ಲಾಳರಾಯನ ದುರ್ಗವೆಂಬ ಬೆಟ್ಟವನ್ನು ತೋರಿಸಿಕೊಡಬೇಕಾಗಿಲ್ಲ. ಬಲ್ಲಾಳನೆಂಬುದು ಹೊಯ್ಸಳ ದೊರೆಗಳ ಹೆಸರು. ಸುಂಕಸಾಲೆ ಎಂಬ ಮಾತಿನಲ್ಲಿಯೇ ಘಟ್ಟದ ದಾರಿಯ ಸುಂಕದ ಕಟ್ಟೆಯು ಅಡಗಿದೆ. ಹೇಮಾವತಿಯು ಹುಟ್ಟುವುದು ಇದೇ ಸೀಮೆಯ ಜಾವಳಿಯಲ್ಲಿ. ಅದು ಮೂಡಿಗೆರೆ, ಸಕಲೇಶಪುರಗಳನ್ನು ಹಾದು ಕಾವೇರಿಯನ್ನು ಸೇರುತ್ತದೆ. ಇದೇ ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಹಳ್ಳಿಯೇ ಶಾಸನಗಳ ಸೊಸೆವೂರು, ಸಂಸ್ಕೃತದಲ್ಲಿ ಶಶಕಪುರ, ಅಂದರೆ ಹೊಯ್ಸಳರ ತೌರು. ಮಲೆಯ ನೀರು ಹರಿದ ದಾರಿಯಲ್ಲಿಯೇ ಈ ಅರಸರೂ ಇಳಿದುಹೋದರೆಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಅಂಗಡಿಯ ವಾಸಂತಿಕಾ ದೇವಿಯ ಗುಡಿಯ ಬಳಿಯಲ್ಲಿ ಸುದತ್ತನೆಂಬ ಜೈನಮುನಿಯು ಶಿಷ್ಯನಿಗೆ ಪಾಠ ಹೇಳುತ್ತಿರಲು ಹುಲಿಯೊಂದು ಮೇಲೆ ಬಿದ್ದಿತೆಂದೂ, ಗುರುವು “ಹೊಯ್ ಸಳ” ಎಂದು ಕೂಗಿದನೆಂದೂ, ಸಳನು ಹುಲಿಯನ್ನು ಹೊಡೆದು ವಂಶಕ್ಕೆ ಹೆಸರನ್ನು ತಂದನೆಂದೂ ನಾವೆಲ್ಲರೂ ಚಿಕ್ಕಂದಿನಿಂದ ಕೇಳಿದ್ದೇವೆ. ರೋಮಿನವರಿಗೂ ಇಂಥದೇ ಒಂದು ಕಥೆ ಉಂಟು: ತೋಳದ ಹಾಲು ಕುಡಿದು ಬೆಳೆದ ರೋಮುಲಸನು ಕ್ರಿ. ಪೂ. 753ರಲ್ಲಿ ಪಟ್ಟಣವನ್ನು ಕಟ್ಟಿದನೆಂಬುದು. ಇವೆರಡರಲ್ಲಿಯೂ ಗಮನಿಸತಕ್ಕ ಅಂಶವೇನೆಂದರೆ, ಕಥೆಗೆ ಪೂರ್ಣರೂಪ ಬಂದದ್ದು ವಂಶವು ಪ್ರಬಲವಾದ ಮೇಲೆ. ರೋಮಿನ ಮೂಲಪುರುಷರ ವೃತ್ತಾಂತವನ್ನು ವರ್ಜಿಲ್ ಕವಿಯು ಮಹಾಕಾವ್ಯವಾಗಿ ಕಟ್ಟಿದ್ದು ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ. ಸಳನ ಕಥೆಯಾದರೋ ವಿಷ್ಣುವರ್ಧನನ ಬೇಲೂರು ಶಾಸನದ ಕಾಲಕ್ಕೆ, ಎಂದರೆ 1117ರ ಹೊತ್ತಿಗೆ, ಬೆಳಕಿಗೆ ಬರುತ್ತದೆ. ಅದಕ್ಕೆ ಸ್ವಲ್ಪವೇ ಮುಂಚೆ ಆತನು ಚೋಳರನ್ನು ಸೋಲಿಸಿದ್ದನು. ಚೋಳರ ಲಾಂಛನವು ಹುಲಿ. ಹೀಗಿರುವಾಗ ಕಲ್ಲಿನ ಸಳನು ಇರಿಯುತ್ತಿರುವ ಮೃಗವು ನಮ್ಮ ಕಾಡಿನ ಹುಲಿಯೋ ತಂಜಾವೂರಿನ ಹುಲಿಯೋ ಎಂದು ವಿದ್ವಾಂಸರು ಸಂಶಯಪಟ್ಟಿದ್ದಾರೆ. ನಮಗೂ ಆ ಸಂಶಯವು ಸರಿಯೆಂದೇ ತೋರುತ್ತದೆ. ಕಥೆಯನ್ನು ಮಕ್ಕಳಿಗೆ ಹೇಳುವುದನ್ನು ಮಾತ್ರ ನಾವು ಬಿಟ್ಟಿಲ್ಲ.

ಕಥೆಯನ್ನು ಬಿಟ್ಟು ಶಾಸನಗಳನ್ನು ಹಿಡಿದರೆ, ಮೊದಲಿಗೆ ಕಾಣುವವರು ಚಿಕ್ಕ ಮಲೆಯ ಒಡೆಯರು. ಆಗ ಈ ಬೆಟ್ಟಗಳಲ್ಲಿ ಒಬ್ಬೊಬ್ಬನು ಒಂದೊಂದು ಕಣಿವೆಯನ್ನು ಹಿಡಿದು ಆಳುತ್ತಿದ್ದನು. ಇವರಿಗೆ ಮಲೆಪರೆಂದು ಹೆಸರು. ಆ ಮಲೆಪರಲ್ಲೆಲ್ಲ ಗಂಡುಗಲಿ ಎಂಬರ್ಥದ ‘ಮಲೆಪರೊಳ್ ಗಂಡ’ ಎಂಬುದು ಹೊಯ್ಸಳರ ಬಿರುದಾಯಿತು. ಹನ್ನೊಂದನೆಯ ಶತಮಾನದ ಮೊದಲರ್ಧದಲ್ಲಿ ನೃಪಕಾಮನೂ, ಅವನ ತರುವಾಯ 1047ರ ಸುಮಾರಿನಿಂದ ವಿನಯಾದಿತ್ಯನೂ ಕಲ್ಯಾಣದ ಚಾಲುಕ್ಯರಿಗೆ ನಡೆದುಕೊಂಡು ಬಲಗೊಂಡರು. ವಿನಯಾದಿತ್ಯನ ಗುರುವಾದ ಶಾಂತಿದೇವನು 1062ರಲ್ಲಿ ಅಂಗಡಿಯಲ್ಲಿಯೇ ದೇಹವನ್ನು ಬಿಟ್ಟನು.

ಮಲೆಯಲ್ಲಿ ಏನು ಸಂಪತ್ತಿತ್ತೆಂದು ಕೇಳಬಹುದು. ಕಾಫಿಯು ಬಹಳ ತಡವಾಗಿ ಬಂದ ಬೆಳೆ, ಅದನ್ನು ಮರೆತುಬಿಡಿ. ಮೆಣಸು, ಅಡಕೆ, ಏಲಕ್ಕಿಗಳೂ ಘಟ್ಟದ ದಾರಿಯ ಸುಂಕವೂ ಇದ್ದುವು. ಮೆಣಸನ್ನು ಲಘುವಾಗಿ ಎಣಿಸಬಾರದು. ಪಶ್ಚಿಮ ಕರಾವಳಿಯ ಮೆಣಸಿಗಾಗಿ ರೋಮಿನವರು ಹಡಗು ಕಟ್ಟಿಕೊಂಡು ಬರುತ್ತಿದ್ದರು; ಹಿಂದೂದೇಶವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ನಾಣ್ಯಗಳನ್ನು ನುಂಗುತ್ತದೆಂದು ಪ್ಲಿನಿ ಎಂಬ ಪಂಡಿತನು ಗೊಣಗಿದ್ದಾನೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಅಗೆದಾಗ ಅಗಸ್ಟಸ್ ಮತ್ತು ಟೈಬೀರಿಯಸರ ನಾಣ್ಯಗಳು ಸಿಕ್ಕಿವೆ. ಕೊನೆಗೆ ರೋಮಿನ ದುರ್ದಿನಗಳಲ್ಲಿ, 408ರಲ್ಲಿ, ಗಾಥರ ನಾಯಕ ಅಲಾರಿಕನು ಮುತ್ತಿಗೆಯನ್ನು ಬಿಡಲು ಬೆಳ್ಳಿಬಂಗಾರಗಳ ಜೊತೆಗೆ 3,000 ಪೌಂಡು ಮೆಣಸನ್ನೂ ಕೇಳಿ ಪಡೆದನು. ಬಳ್ಳಿಯಿಂದ ಮೆಣಸು ಬಿಡಿಸುವ ಕೈಗಳಿಗೆ ಈ ಸಂಗತಿಯು ರುಚಿಸೀತೆಂದು ಇಲ್ಲಿ ಬರೆದೆವು.

ಆದರೆ ಮೆಣಸು ಸುಂಕಗಳಿಂದ ಒಡೆಯನಾಗಬಹುದಲ್ಲದೆ ಚಕ್ರವರ್ತಿಯಾಗಲಾಗದು. ಸೈನ್ಯಕ್ಕೆ ಅನ್ನ ಬೇಕು. ಕುದುರೆಗಳಿಗೆ ಬಯಲು ಬೇಕು. ಮಳೆಗಾಲವಿಡೀ ದಾರಿ ಮುಚ್ಚಿಹೋಗುವ ನಾಡಿನಲ್ಲಿ ಇವೆರಡೂ ಇಲ್ಲ. ಆದುದರಿಂದ ರಾಜಧಾನಿಯು ಸೊಸೆವೂರಿನಿಂದ ಬೇಲೂರಿಗೂ, ಅಲ್ಲಿಂದ ದೊಡ್ಡ ಕೆರೆಯ ದೋರಸಮುದ್ರಕ್ಕೂ ಇಳಿಯಿತು. ಆ ದೋರಸಮುದ್ರವೇ ಈಗಿನ ಹಳೇಬೀಡು. ಹುಡುಗಿಯ ಪ್ರಶ್ನೆಗೆ ಮೊದಲನೆಯ ಉತ್ತರವು ಇಲ್ಲಿದೆ: ಬೆಳೆದವರು ಇಳಿದುಹೋದರು. ಈಗಲೂ ನಮ್ಮ ಮಕ್ಕಳು ಓದು ಮುಗಿಸಿ ಬೆಂಗಳೂರಿಗೆ ಇಳಿದುಹೋಗುವುದಿಲ್ಲವೆ?

ಹೀಗೆ ಇಳಿದವರಲ್ಲಿ ಅಗ್ರಗಣ್ಯನು ವಿಷ್ಣುವರ್ಧನ. ಆತನು 1116ರಲ್ಲಿ ಚೋಳರಿಂದ ತಲಕಾಡನ್ನು ಕಿತ್ತುಕೊಂಡನು. ಅದರೊಡನೆ ಗಂಗವಾಡಿ 96,000ವೂ ಕಾವೇರಿಯ ಗದ್ದೆಗಳೂ ಕೈಸೇರಿದುವು. ಚಿನ್ನದ ನಾಣ್ಯದ ಮೇಲೆ ‘ಶ್ರೀ ತಳಕಾಡುಗೊಂಡ’ ಎಂದು ಕನ್ನಡದಲ್ಲಿ ಅಚ್ಚು ಹಾಕಿಸಿದನು. ಮರುವರ್ಷ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾಯಿತು. 1118ರಲ್ಲಿ ದಂಡನಾಯಕ ಗಂಗರಾಜನು ಕಣ್ಣೆಗಾಲದಲ್ಲಿ ಚಾಲುಕ್ಯ ಸೈನ್ಯದ ಬೀಡಿನ ಮೇಲೆ ರಾತ್ರಿಯಲ್ಲಿ ಬಿದ್ದು ಅದನ್ನು ಚದರಿಸಿದನು. ಇಷ್ಟಾದರೂ ವಿಷ್ಣುವರ್ಧನನು ಹೆಸರಿಗೆ ಚಾಲುಕ್ಯರ ಮಹಾಮಂಡಲೇಶ್ವರನಾಗಿಯೇ ಉಳಿದನು. ಅಗಸ್ಟಸನು ಕ್ರಿ. ಪೂ. 27ರಲ್ಲಿ ಅಧಿಕಾರವೆಲ್ಲವನ್ನೂ ಕೈಯಲ್ಲಿಟ್ಟುಕೊಂಡು, ತಾನು ಅರಸನಲ್ಲ, ಪ್ರಜೆಗಳಲ್ಲಿ ಮೊದಲನೆಯವನು ಮಾತ್ರವೆಂದು ಹೇಳಿಕೊಂಡದ್ದು ಇಲ್ಲಿ ನೆನಪಿಗೆ ಬರುತ್ತದೆ. ಹೊಯ್ಸಳರು ಆ ಹಳೆಯ ಹೆಸರನ್ನು ಕಳಚಿದ್ದು ಮೊಮ್ಮಗನ ಕಾಲದಲ್ಲಿ. ಚಾಲುಕ್ಯರು ಕುಸಿದ ಮೇಲೆ ಎರಡನೆಯ ಬಲ್ಲಾಳನು 1190ರ ಸುಮಾರಿಗೆ ಸೊರಟೂರಿನಲ್ಲಿ ಸೇವುಣರ ಭಿಲ್ಲಮನನ್ನು ಸೋಲಿಸಿ, 1193ರ ಹೊತ್ತಿಗೆ ಸಾರ್ವಭೌಮನ ಬಿರುದುಗಳನ್ನು ಧರಿಸಿದನು.

ಇನ್ನು ಈ ರಾಜ್ಯವನ್ನು ಒಟ್ಟಿಗೆ ಹಿಡಿದದ್ದು ಯಾವುದು? ರೋಮಿನ ವಿಷಯದಲ್ಲಿ ಉತ್ತರವು ಸುಲಭ: ಕಲ್ಲು ಹಾಸಿದ ದಾರಿಗಳು, ಸಂಬಳದ ಸೈನ್ಯ, ಬರೆದಿಟ್ಟ ಕಾನೂನು, 212ರಲ್ಲಿ ಕರಾಕಲ್ಲನು ಸಾಮ್ರಾಜ್ಯದ ಸ್ವತಂತ್ರ ಪ್ರಜೆಗಳಿಗೆಲ್ಲ ರೋಮಿನ ಪೌರತ್ವವನ್ನೇ ಕೊಟ್ಟುಬಿಟ್ಟನು. ಸಿರಿಯ ದೇಶದವನೂ ತಾನು ರೋಮಿನವನೆಂದು ಹೇಳಿಕೊಳ್ಳಬಹುದಾಯಿತು. ಹೊಯ್ಸಳರಲ್ಲಿ ಅಂಥ ಪೌರತ್ವವಿರಲಿಲ್ಲ. ನಾಡುಗಳನ್ನು ನಾಡಗೌಡರೂ, ಪೇಟೆಗಳನ್ನು ಸೆಟ್ಟಿಗಳ ನಗರವೂ, ಅಗ್ರಹಾರಗಳನ್ನು ಮಹಾಜನರೂ ನೋಡಿಕೊಂಡರು. ಮೇಲೆ ಹೆಗ್ಗಡೆಗಳೂ ದಂಡನಾಯಕರೂ ಇದ್ದರು. ಹಳೆಯ ಮನೆತನಗಳನ್ನು ಸೋಲಿಸಿದಲ್ಲಿಯೂ ಬೇರುಸಹಿತ ಕೀಳಲಿಲ್ಲ; ತಲೆಬಾಗಿದವರನ್ನು ಅವರವರ ನೆಲದಲ್ಲಿಯೇ ಬಿಟ್ಟರು. ನಮ್ಮ ಕಳಸವೇ ಇದಕ್ಕೆ ನಿದರ್ಶನ. ಹದಿಮೂರನೆಯ ಶತಮಾನದ ಅಲ್ಲಿಯ ಶಾಸನಗಳಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ರಾಣಿಯರು ತಾವೇ ಆಳುತ್ತಿರುವುದನ್ನು ಕಾಣುತ್ತೇವೆ. ಹೆಣ್ಣುಮಕ್ಕಳ ಶಾಲೆಯ ಇತಿಹಾಸಪಾಠದಲ್ಲಿ ಈ ಹೆಸರುಗಳು ಇಲ್ಲದಿರುವುದು ನಮಗೆ ಕೊರತೆಯಾಗಿಯೇ ತೋರುತ್ತದೆ.

ಮತಗಳ ವಿಷಯದಲ್ಲಿಯೂ ಇದೇ ಜಾಣತನವಿತ್ತು. ಅರಸನು ವಿಷ್ಣುವಿಗೆ ಬೇಲೂರಿನಲ್ಲಿ ಗುಡಿ ಕಟ್ಟಿಸಿದರೆ, ಜಿನಭಕ್ತೆಯಾದ ಪಟ್ಟದರಸಿ ಶಾಂತಲೆಯು ಅದೇ ಆವರಣದಲ್ಲಿ ಕಪ್ಪೆ ಚೆನ್ನಿಗರಾಯನನ್ನು ನಿಲ್ಲಿಸಿ, 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ನೃತ್ಯಗೀತಗಳಲ್ಲಿ ಆಕೆಯ ಪ್ರೌಢಿಮೆಯನ್ನು ಶಾಸನಗಳೇ ಹೊಗಳುತ್ತವೆ. 1131ರಲ್ಲಿ ಆಕೆಯು ಶಿವಗಂಗೆಯಲ್ಲಿ ತೀರಿಕೊಳ್ಳಲು, ಮಗಳನ್ನು ಅಗಲಿ ಬಾಳಲೊಲ್ಲದ ತಾಯಿ ಮಾಚಿಕಬ್ಬೆಯು ಬೆಳಗೊಳದಲ್ಲಿ ಒಂದು ತಿಂಗಳು ಉಪವಾಸವಿದ್ದು ಪ್ರಾಣವನ್ನು ಬಿಟ್ಟಳು. ಅರಸರ ದಂಡಯಾತ್ರೆಗಳ ಮಧ್ಯದಲ್ಲಿ ಈ ಒಂದು ಸಂಗತಿಯನ್ನು ಓದಿ ನಾವು ಸ್ವಲ್ಪ ಹೊತ್ತು ಪುಸ್ತಕವನ್ನು ಮುಚ್ಚಿದ್ದುಂಟು.

ಆದರೆ ರಾಜ್ಯದ ನಿಜವಾದ ಬಿಗಿಯು ಬೇರೊಂದು ಕಡೆಯಲ್ಲಿತ್ತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಪ್ರವಾಸ ಹೋದವರು ಗೋಡೆಯ ಆನೆಕುದುರೆಗಳ ಸಾಲನ್ನು ನೋಡಿ ಹಿಂದಿರುಗುತ್ತಾರೆ. ಬಳಿಯಲ್ಲಿಯೇ ನಿಂತಿರುವ ಒಂದು ಕಂಬವನ್ನು ನೋಡುವವರು ಕಡಮೆ. ಅದರ ಮೇಲಿನ ಚಿಕ್ಕ ಚಿಕ್ಕ ಆಕೃತಿಗಳನ್ನು ಹತ್ತಿರದಿಂದ ನೋಡಿದರೆ ಮೈ ಜುಮ್ಮೆನ್ನುತ್ತದೆ; ಅವರು ಕತ್ತಿಯಿಂದ ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುತ್ತಿದ್ದಾರೆ. ಇವರು ಗರುಡರು. ಅರಸನು ಸತ್ತ ಮೇಲೆ ತಾವು ಬದುಕುವುದಿಲ್ಲವೆಂದು ಭಾಷೆ ಕೊಟ್ಟು, ಅದರ ಗುರುತಾಗಿ ಕಾಲಿಗೆ ತೊಡರು ಹಾಕಿಕೊಂಡ ವೀರರು. ಎರಡನೆಯ ಬಲ್ಲಾಳನ ದಂಡನಾಯಕನಾದ ಕುವರ ಲಕ್ಷ್ಮನನ್ನು ಅರಸನು ಮಗನಂತೆ ಸಾಕಿದ್ದನು. 1220ರಲ್ಲಿ ಬಲ್ಲಾಳನು ತೀರಿಕೊಳ್ಳಲು, ಲಕ್ಷ್ಮನೂ ಅವನ ಹೆಂಡತಿ ಸುಗ್ಗಲದೇವಿಯೂ ಅವನ ವೀರಭಟರೂ ಭಾಷೆಯನ್ನು ನಡೆಸಿದರು.

ಇದನ್ನು ಓದಿ ಹೆಮ್ಮೆಪಡುವವರಿದ್ದಾರೆ. ರೋಮಿನಲ್ಲಿ ಚಕ್ರವರ್ತಿಯ ಮೈಗಾವಲಿನವರು 193ರಲ್ಲಿ ತಮ್ಮ ಒಡೆಯನಾದ ಪರ್ಟಿನಾಕ್ಸನನ್ನು ಕೊಂದು, ಸಿಂಹಾಸನವನ್ನು ಹರಾಜಿಗಿಟ್ಟು, ಹೆಚ್ಚು ಹಣ ಕೂಗಿದ ಡಿಡಿಯಸ್ ಜೂಲಿಯಾನಸನಿಗೆ ಮಾರಿದರೆಂಬುದನ್ನು ಇದರ ಪಕ್ಕದಲ್ಲಿಟ್ಟರೆ, ನಮ್ಮ ಗರುಡರು ದೇವತೆಗಳಂತೆಯೇ ತೋರುತ್ತಾರೆ. ಅವರ ನಿಷ್ಠೆಯನ್ನು ಅಲ್ಲಗಳೆಯುವ ಇಚ್ಛೆ ನಮಗಿಲ್ಲ. ಆದರೂ ರಾಜ್ಯದ ದೃಷ್ಟಿಯಿಂದ ಒಂದು ಮಾತನ್ನು ಕೇಳಲೇಬೇಕು. ಹಳೆಯ ಅರಸನು ಹೋಗಿ ಹೊಸಬನು ಪಟ್ಟಕ್ಕೆ ಬರುವ ಗಳಿಗೆಯೇ ಅಪಾಯದ ಗಳಿಗೆ. ಆಗಲೇ ಪಳಗಿದ ದಂಡನಾಯಕನು ಬೇಕು. ಸರಿಯಾಗಿ ಆ ಗಳಿಗೆಯಲ್ಲಿ ಈ ಭಾಷೆಯು ಅವನನ್ನು ಕಿತ್ತುಕೊಳ್ಳುತ್ತಿತ್ತು. ಭಾಷೆಯು ಒಬ್ಬನ ಮೈಗೆ ಕಟ್ಟಿದ್ದೇ ಹೊರತು ನಾಡಿಗೆ ಕಟ್ಟಿದ್ದಲ್ಲ. ಒಡೆಯನು ಒಬ್ಬನೇ ಇರುವವರೆಗೆ ಇದು ಉಕ್ಕಿನ ಸರಪಳಿ. ಒಡೆಯರು ಇಬ್ಬರಾದರೆ ಆ ಸರಪಳಿಯೇ ರಾಜ್ಯವನ್ನು ಎರಡು ಕಡೆಗೆ ಜಗ್ಗುತ್ತದೆ.

ಇಬ್ಬರಾದದ್ದು ಹೀಗೆ. ಎರಡನೆಯ ನರಸಿಂಹನು 1231ರ ಸುಮಾರಿಗೆ, ತನ್ನ ಸಾಮಂತನ ಸೆರೆಯಲ್ಲಿದ್ದ ಚೋಳ ಮೂರನೆಯ ರಾಜರಾಜನನ್ನು ಬಿಡಿಸಿ ಪಟ್ಟದಲ್ಲಿ ಕೂರಿಸಿದನು. ಸಹಾಯಕ್ಕೆಂದು ಹೋದವರಿಗೆ ಕಾವೇರಿಯ ಕೆಳದಂಡೆಯು ಹಿಡಿಸಿತು. ಅವನ ಮಗ ಸೋಮೇಶ್ವರನು ಶ್ರೀರಂಗದ ಬಳಿಯ ಕಣ್ಣನೂರಿನಲ್ಲಿಯೇ ನೆಲೆಸಿದನು. 1254ರಲ್ಲಿ ರಾಜ್ಯವು ಅವನ ಇಬ್ಬರು ಮಕ್ಕಳಿಗೆ ಹಂಚಿಹೋಯಿತು: ಮೂರನೆಯ ನರಸಿಂಹನಿಗೆ ದೋರಸಮುದ್ರ, ಬೇರೆ ತಾಯಿಯ ಮಗನಾದ ರಾಮನಾಥನಿಗೆ ಕಣ್ಣನೂರು. ರೋಮಿನಲ್ಲಿ ಡಯೊಕ್ಲೀಷಿಯನನು 286ರಲ್ಲಿ ಆಡಳಿತದ ಭಾರವು ಹೆಚ್ಚಾಯಿತೆಂದು ಜೊತೆ ಚಕ್ರವರ್ತಿಯನ್ನು ಮಾಡಿಕೊಂಡನು. ಅದು ಬೆಳೆದು 395ರಲ್ಲಿ ಪೂರ್ವ ಪಶ್ಚಿಮಗಳು ಬೇರೆಯಾಗಿ, 476ರಲ್ಲಿ ಪಶ್ಚಿಮದ ಪಟ್ಟವೇ ಇಲ್ಲವಾಯಿತು. ಅಲ್ಲಿ ಒಂದು ಯೋಜನೆಯಾದರೂ ಇತ್ತು. ಇಲ್ಲಿ ನಡೆದದ್ದು ಮನೆಯ ಪಾಲು. ಅಣ್ಣತಮ್ಮಂದಿರ ಜಗಳವು ಮಕ್ಕಳ ಕಾಲದವರೆಗೂ ನಡೆಯಿತು. ಸೋಮನಾಥ ದಂಡನಾಯಕನು 1268ರಲ್ಲಿ ಸೋಮನಾಥಪುರದ ಕೇಶವ ದೇವಾಲಯವನ್ನು ಮುಗಿಸಿದ್ದು ಈ ಒಡಕಿನ ಕಾಲದಲ್ಲಿಯೇ. ಶಿಲ್ಪವು ಚೆಲುವಾಗಿದ್ದರೆ ರಾಜ್ಯವು ಸುಭದ್ರವಾಗಿತ್ತೆಂದು ಭಾವಿಸಬಾರದು.

ಮೂರನೆಯ ಬಲ್ಲಾಳನು ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ಎರಡು ಪಾಲುಗಳನ್ನೂ ಮತ್ತೆ ಕೂಡಿಸಿದನು. ಆದರೆ ಪಾಂಡ್ಯ ಸೋದರರ ಜಗಳದಲ್ಲಿ ಲಾಭ ಹುಡುಕಲು ತೆಂಕಣಕ್ಕೆ ಹೋಗಿದ್ದಾಗ, 1311ರಲ್ಲಿ ಮಲ್ಲಿಕ್ ಕಾಫೂರನು ದೆಹಲಿಯ ಸೈನ್ಯದೊಡನೆ ದೋರಸಮುದ್ರದ ಬಾಗಿಲಿಗೆ ಬಂದನು. ಬಲ್ಲಾಳನು ಓಡಿಬಂದು, ಆನೆ ಕುದುರೆ ಭಂಡಾರಗಳನ್ನು ಒಪ್ಪಿಸಿ ಸಂಧಿ ಮಾಡಿಕೊಂಡನು. ಮಗನು ದೆಹಲಿಗೆ ಹೋಗಿ 1313ರಲ್ಲಿ ಹಿಂದಿರುಗಿದನು. 1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕನ ಸೈನ್ಯವು ಮತ್ತೆ ಬಂದು ರಾಜಧಾನಿಯನ್ನು ಹಾಳುಗೆಡವಿತು. ಅರಸನು ತಿರುವಣ್ಣಾಮಲೆಗೆ ಹೋಗಿ ನಿಂತನು. ಸೊಸೆವೂರಿನಿಂದ ಹೊರಟ ವಂಶವು ಈಗ ತನ್ನ ನುಡಿಯನ್ನಾಡದ ಊರಿನಲ್ಲಿ ಬಿಡಾರ ಹೂಡಿತು.

ಕೊನೆಯ ಯುದ್ಧದ ವೃತ್ತಾಂತವನ್ನು ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತನು ಬರೆದಿಟ್ಟಿದ್ದಾನೆ. ಬಲ್ಲಾಳನಿಗೆ ಆಗ ಎಂಬತ್ತರ ಹತ್ತಿರ ವಯಸ್ಸು. ಮಧುರೆಯ ಸುಲ್ತಾನನ ಕೈಯಲ್ಲಿದ್ದ ಕಣ್ಣನೂರನ್ನು, ತನ್ನ ವಂಶದ ಆ ಹಳೆಯ ಬೀಡನ್ನೇ, ಆತನು ಮುತ್ತಿದನು. ಒಳಗಿನವರಿಗೆ ಧಾನ್ಯವು ಮುಗಿಯುತ್ತ ಬಂದಿತು. ಊರನ್ನು ಒಪ್ಪಿಸಲು ಸುಲ್ತಾನನ ಅಪ್ಪಣೆ ಕೇಳಬೇಕೆಂದು ಅವರು ಹದಿನಾಲ್ಕು ದಿನಗಳ ಅವಧಿಯನ್ನು ಬೇಡಲು, ಮುದುಕನಾದ ಅರಸನು ಒಪ್ಪಿಕೊಂಡನು. ಸುದ್ದಿಯು ಮುಟ್ಟಿದೊಡನೆ ಸುಲ್ತಾನ್ ಘಿಯಾಸುದ್ದೀನನು ಚಿಕ್ಕ ಸೈನ್ಯವನ್ನು ಕಟ್ಟಿಕೊಂಡು ಹೊರಟು, ಮಾತಿನ ಮೇಲೆ ನಂಬಿಕೆಯಿಟ್ಟು ಮಧ್ಯಾಹ್ನದ ಹೊತ್ತು ವಿಶ್ರಮಿಸಿಕೊಳ್ಳುತ್ತಿದ್ದ ಬೀಡಿನ ಮೇಲೆ ಬಿದ್ದನು. ಕಳ್ಳರು ಬಂದರೆಂದು ತಿಳಿದು ಜನರು ಚೆಲ್ಲಾಪಿಲ್ಲಿಯಾದರು. ಬಲ್ಲಾಳನು ಸೆರೆಸಿಕ್ಕನು. ಬಿಡುಗಡೆಯ ಆಸೆ ತೋರಿಸಿ ಅವನ ಸಂಪತ್ತನ್ನೆಲ್ಲ ಸುಲಿದುಕೊಂಡ ಮೇಲೆ ಅವನನ್ನು ಕೊಂದು, ಚರ್ಮಕ್ಕೆ ಹುಲ್ಲು ತುಂಬಿ ಮಧುರೆಯ ಗೋಡೆಗೆ ತೂಗಹಾಕಿದರು. ತಾನೇ ಅದನ್ನು ಕಣ್ಣಾರೆ ಕಂಡೆನೆಂದು ಬತೂತನು ಹೇಳುತ್ತಾನೆ. ಇದು ನಡೆದದ್ದು 1342-43ರಲ್ಲಿ.

ನಾಲ್ಕನೆಯ ಬಲ್ಲಾಳನು ಎರಡು ಮೂರು ವರ್ಷಗಳಲ್ಲಿಯೇ ಮರೆಯಾದನು. 1346ರಲ್ಲಿ ಹರಿಹರನೂ ಅವನ ತಮ್ಮಂದಿರೂ ತಮ್ಮ ವಿಜಯದ ಸಂಭ್ರಮದಲ್ಲಿ ಶೃಂಗೇರಿಗೆ ಬಂದು ಭಾರತೀತೀರ್ಥರಿಗೆ ದಾನಕೊಟ್ಟರು. ಹೊಯ್ಸಳರು ಮುಗಿದು ವಿಜಯನಗರವು ನಿಂತಿತೆಂಬುದಕ್ಕೆ ಆ ಶಾಸನವೇ ಗುರುತು. ಹೀಗೆ ಈ ವಂಶದ ಮೊದಲಿನ ಊರಾದ ಅಂಗಡಿಯೂ, ಕೊನೆಯಾಯಿತೆಂದು ಸಾರುವ ಶೃಂಗೇರಿಯೂ ನಮ್ಮ ಒಂದೇ ಜಿಲ್ಲೆಯೊಳಗಿವೆ. ನಡುವಿನ ಕಥೆಯೆಲ್ಲ ಹೊರಗೆ ನಡೆಯಿತು.

ಅರಸರು ಹೋದರೂ ನಾಡಗೌಡರೂ ಮಹಾಜನರೂ ಕೆರೆಯ ತೂಬನ್ನು ಎತ್ತುವವರೂ ಇದ್ದಲ್ಲಿಯೇ ಇದ್ದರು. ವಿಜಯನಗರದವರು ಅವರಿಂದಲೇ ಕಂದಾಯವನ್ನು ತೆಗೆದುಕೊಂಡರು. ರೋಮು ಬಿದ್ದ ಮೇಲೆ ಅದರ ಕಾನೂನು ಉಳಿದಂತೆ ಇಲ್ಲಿ ಉಳಿದದ್ದು ಇವು. ಕಲ್ಲುಗಳೂ ಉಳಿದುವು. ಈ ಜಿಲ್ಲೆಗೆ ಕಡೂರು ಜಿಲ್ಲೆಯೆಂದು ಹೆಸರಿದ್ದ ಕಾಲದಲ್ಲಿ ರೈಸ್ ಸಾಹೇಬರು ಇಲ್ಲಿಯ ಶಾಸನಗಳನ್ನು ಓದಿಸಿ 1901ರಲ್ಲಿ ಅಚ್ಚು ಹಾಕಿಸಿದರು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳನ್ನು ಯುನೆಸ್ಕೊ ಸಂಸ್ಥೆಯು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂಗಡಿಯು ಆ ಪಟ್ಟಿಯಲ್ಲಿಲ್ಲ.

ಇಲ್ಲಿ ಏನೂ ಉಳಿದಿಲ್ಲವೆಂದು ಕೇಳಿದ ಹುಡುಗಿಗೆ ನಾವು ಆ ದಿನ ಹೇಳದೆ ಬಿಟ್ಟದ್ದು ಇಷ್ಟು. ಅಂಗಡಿಯಲ್ಲಿ ವಾಸಂತಿಕೆಗೆ ಈಗಲೂ ಪೂಜೆಯುಂಟು, ಜನರು ವಸಂತಮ್ಮನೆನ್ನುತ್ತಾರೆ. ಮರಗಳ ನಡುವೆ ಹಳೆಯ ಬಸದಿಗಳೂ ಪಾಳುಬಿದ್ದ ಗುಡಿಗಳೂ ಇವೆ. ಬೇಲೂರಿನ ಕಂಬಗಳ ನುಣುಪು ಅಲ್ಲಿಲ್ಲ. ಕೈ ಇನ್ನೂ ಪಳಗದ ಕಾಲದ ಕೆಲಸ. ಮತ್ತೊಂದು ವಿಷಯವೂ ಉಂಟು. ತಲಕಾಡನ್ನು ಗೆದ್ದರೂ, ಕಾವೇರಿಯ ಬಯಲಿನಲ್ಲಿ ಅರಮನೆ ಕಟ್ಟಿದರೂ, ಸಾರ್ವಭೌಮರೆನಿಸಿಕೊಂಡರೂ, ಈ ದೊರೆಗಳು ತಮ್ಮ ದಾನಶಾಸನಗಳ ಕೊನೆಗೆ ಒಪ್ಪವಾಗಿ ಹಾಕಿಸುತ್ತಿದ್ದ ಮಾತು ಆ ಹಳೆಯ ಬಿರುದೇ ಆಗಿತ್ತು: ಶ್ರೀ ಮಲೆಪರೊಳ್ ಗಂಡ.